ಲೋಡಿಗೆ ಒರಗಿದವನ ದಣಿವು

ಬಟ್ಟೆ ಅಂಗಡಿಯವನಿಗೆ ದಣಿವಾಗಿದೆ ಎಂದರೆ ಈ ಲೋಕದಲ್ಲಿ ಯಾರೂ ನಂಬುವುದಿಲ್ಲ. ಮೂಟೆ ಹೊರುವವನು ಉಸ್ಸೆಂದರೆ ನೀರು ಕೊಡುತ್ತಾರೆ, ಜಾಗ ಬಿಟ್ಟು ಕೂರಿಸುತ್ತಾರೆ. ನಾನು ಉಸ್ಸೆಂದರೆ ನಗುತ್ತಾರೆ. ಅವರ ತಪ್ಪೇನೂ ಇಲ್ಲ. ತಿಕೋಟಾದಲ್ಲಿರುವ ನನ್ನ ಅಂಗಡಿ ಹಳೆಯ ಕಾಲದ್ದು. ಕುರ್ಚಿಯಿಲ್ಲ, ಕೌಂಟರ್ ಇಲ್ಲ. ಗೋಡೆಯಿಂದ ಗೋಡೆಗೆ ಬಿಳಿ ಬಟ್ಟೆ ಹಾಸಿದ ಗಾದಿ, ಗಾದಿಯ ಮೇಲೆ ದುಂಡನೆಯ ಲೋಡು, ಲೋಡಿಗೆ ಒರಗಿಕೊಂಡು ನಾನು. ಬಿಜ್ಜರಗಿಯ ದ್ರಾಕ್ಷಿ ತೋಟದಲ್ಲಿ ಬೆಳಗಿನಿಂದ ದುಡಿದು ಬಂದ ಹೆಣ್ಣುಮಗಳ ಎದುರು ಆ ಭಂಗಿಯಲ್ಲಿ ಕೂತು, "ಯಾಕೋ ಭಾಳ ಸುಸ್ತ ಆಗಾಕತ್ತೈತಿ ನೋಡಬೇ" ಎಂದರೆ ಆಕೆ ನಗದೆ ಇನ್ನೇನು ಮಾಡಿಯಾಳು? ಮಲಗಲೆಂದೇ ಹಾಸಿದಂತಿರುವ ಜಾಗದಲ್ಲಿ ಕೂತು ಹೊಟ್ಟೆ ಹೊರೆಯುವವನಿಗೆ ಕಾಯಿಲೆ ಯಾವುದು, ಕಸುಬು ಯಾವುದು ಎಂದು ಹೇಳುವುದು ಕಷ್ಟ. ನನಗೇ ಬಹಳ ದಿನ ತಿಳಿಯಲಿಲ್ಲ.

ಮೊದಮೊದಲು ಮಧ್ಯಾಹ್ನ ಊಟದ ಮೇಲೆ ಕಣ್ಣು ಎಳೆಯುತ್ತಿತ್ತು. ಅದು ಎಲ್ಲರಿಗೂ ಉಂಟು. ಆಮೇಲೆ ಊಟಕ್ಕೆ ಮೊದಲೇ ಎಳೆಯತೊಡಗಿತು. ಕಪಾಟಿನ ಮೇಲಿನ ಸಾಲಿನಿಂದ ಒಂದು ಸೀರೆ ಇಳಿಸಬೇಕಾದರೆ, "ಅಕ್ಕಾರ, ಆ ಬಣ್ಣ ನಿಮಗ ಒಪ್ಪೂದಿಲ್ರಿ" ಎಂದು ಗಿರಾಕಿಯ ಮನಸ್ಸನ್ನೇ ಕೆಳಗಿನ ಸಾಲಿಗೆ ಇಳಿಸುತ್ತಿದ್ದೆ. ಇದರ ಜೊತೆಗೆ ಚಳಿ. ವಿಜಯಪುರದ ಬೇಸಿಗೆ ಎಂಥದ್ದು ಎಂದು ನಿಮಗೆ ಹೇಳಬೇಕಾಗಿಲ್ಲ. ಮನೆಮಂದಿಯೆಲ್ಲ ಫ್ಯಾನಿನ ಕೆಳಗೆ ಜಾಗಕ್ಕೆ ಜಗಳಾಡುತ್ತಿದ್ದರೆ, ನಾನು ಫ್ಯಾನ್ ಬಂದ್ ಮಾಡಿ ಎನ್ನುತ್ತ ಚಾದರ ಹೊದ್ದು ಕೂರುತ್ತಿದ್ದೆ. ಬಾಯಿಬಿಟ್ಟು ಬೈಯದೆ ಇರಲು ನನ್ನ ಹೆಂಡತಿ ಸುವರ್ಣಾ ದೇವತೆಯೇನಲ್ಲ. ನಮ್ಮ ಮನೆ ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಗೆ ಹತ್ತಿರ. ಗೂಡ್ಸ್ ಗಾಡಿಯ ಸದ್ದಿನ ಮೇಲೆ ಮಾತು ಕೇಳಿಸಿ ಕೇಳಿಸಿ ಅವಳ ದನಿ ಚೆನ್ನಾಗಿ ಪಳಗಿದೆ. "ಏಳ್ರಿ! ಊರ ಮಂದಿ ಅಂಗಡಿ ತಗದ್ರು, ನಿಮಗಿನ್ನೂ ಬೆಳಗಾಗವಲ್ದು! ಎಂಥಾ ಮೈಗಳ್ಳ ಗಂಟಬಿದ್ದಾನ ನನಗ!" ಎಂದು ಶುರುವಾದರೆ ನಮ್ಮ ಓಣಿಯಲ್ಲಿ ಯಾರಿಗೂ ಅಲಾರಂ ಬೇಕಾಗುತ್ತಿರಲಿಲ್ಲ. ನನಗೊಬ್ಬನಿಗೆ ಮಾತ್ರ ಎಚ್ಚರವಾಗುತ್ತಿರಲಿಲ್ಲ.

ಹೀಗಿರುವಾಗ ಬಬಲೇಶ್ವರದ ಕಡೆಯ ಜೈನಾಪುರದಿಂದ ನಮ್ಮ ಹಳೆಯ ಗಿರಾಕಿಗಳು ಮದುವೆಯ ಜವಳಿಗೆ ಬಂದರು. ಜವಳಿ ಎಂದರೆ ನಮ್ಮ ಕಡೆ ಒಬ್ಬಿಬ್ಬರು ಬರುವ ಪದ್ಧತಿಯಿಲ್ಲ. ಅತ್ತಿಗೆಯರು, ಸೋದರತ್ತೆಯರು, ಎರಡೂ ಕಡೆಯ ಅಜ್ಜಿಯರು, ಒಂದು ಟೆಂಪೋ ತುಂಬ. ಮದುಮಗಳ ಸೀರೆ ಹಸಿರಿರಬೇಕೋ ಕೆಂಪಿರಬೇಕೋ ಎಂದು ವಾದ ಹತ್ತಿತು. ಸೆರಗು ಹೇಗೆ ಬೀಳುತ್ತದೆ ಎಂದು ತೋರಿಸಲು ಇಳಕಲ್ ಸೀರೆಯೊಂದನ್ನು ನನ್ನ ಹೆಗಲ ಮೇಲೆಯೇ ಹಾಕಿಕೊಂಡು ಕೂತೆ. ಇದು ನಮ್ಮ ಕಸುಬಿನಲ್ಲಿ ಮಾಮೂಲು, ನಾಚಿಕೆಪಡುವಂಥದ್ದೇನಲ್ಲ. ವಾದ ಮುಗಿಯಲಿಲ್ಲ. ನಾನು ಮುಗಿದೆ. ಸೆರಗು ಹೊದ್ದವನು ಹಾಗೆಯೇ ತಲೆ ತಗ್ಗಿಸಿ ನಿದ್ದೆಹೋಗಿಬಿಟ್ಟೆ. ಅಜ್ಜಿಯೊಬ್ಬಳು, "ಸುಮ್ನಿರ್ರೇ, ಮದುಮಗಳಿಗೆ ನಿದ್ದಿ ಹತ್ತೇತಿ!" ಎಂದಾಗ ಎದ್ದ ನಗೆಗೂ ನನಗೆ ಎಚ್ಚರವಾಗಲಿಲ್ಲವಂತೆ. ಭುಜ ಹಿಡಿದು ಅಲುಗಾಡಿಸಿ ಎಬ್ಬಿಸಿದರಂತೆ.

ಈ ಸುದ್ದಿ ಫೋನಿನಲ್ಲಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಬೈಗುಳಕ್ಕೆ ಮೈ ಗಟ್ಟಿಮಾಡಿಕೊಂಡೇ ಹೊಸ್ತಿಲು ದಾಟಿದೆ. ಸುವರ್ಣಾ ಬೈಯಲಿಲ್ಲ. "ಬಂದ್ರಿ? ಕೈಕಾಲು ತೊಳಕೋರಿ, ಬಿಸಿ ರೊಟ್ಟಿ ಬಡೀತೀನಿ" ಎಂದಳು, ಅದೂ ಮೆಲ್ಲಗೆ. ಮರುದಿನವೂ ಬೈಯಲಿಲ್ಲ, ಆ ವಾರವಿಡೀ ಬೈಯಲಿಲ್ಲ. ರೊಟ್ಟಿಯ ಮೇಲೆ ಬೆಣ್ಣೆ ಹೆಚ್ಚಾಯಿತು, ಫ್ಯಾನನ್ನು ಅವಳೇ ಬಂದ್ ಮಾಡತೊಡಗಿದಳು. ಒಮ್ಮೆ ಅಡುಗೆಮನೆಯಿಂದ ಅವಳು ಫೋನಿನಲ್ಲಿ ತಂಗಿಯೊಂದಿಗೆ ಮಾತಾಡುವುದು ಕೇಳಿಸಿತು: "ಎಷ್ಟ ಒದರಿದ್ರೂ ಏಳವಲ್ರು ಅಂದ್ರ ಅದು ಮೈಗಳ್ಳತನ ಅಲ್ಲ ಬಿಡು. ಏನರ ದೊಡ್ಡದ ಇದ್ರ ನಾ ಏನ್ ಮಾಡ್ಲಿ?" ಅಲ್ಲಿಯವರೆಗೆ ನನಗೆ ಬರೀ ನಿದ್ದೆ ಬರುತ್ತಿತ್ತು. ಆ ಮಾತು ಕೇಳಿದ ಮೇಲೆ ಹೆದರಿಕೆಯೂ ಬಂತು. ಬಹಳ ಹೆದರಿದೆ, ಸುಳ್ಳೇಕೆ ಹೇಳಲಿ.

ಸುವರ್ಣಾಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರಮ್ಮ ನನ್ನ ಹಿಂದೆ ನಿಂತು ಕುತ್ತಿಗೆಯನ್ನು ಮೆಲ್ಲಗೆ ಒತ್ತುತ್ತ, "ಉಗುಳು ನುಂಗ್ರಿ" ಎಂದರು. ಹೆದರಿದವನ ಬಾಯಲ್ಲಿ ಉಗುಳೆಲ್ಲಿರುತ್ತದೆ? ನೀರು ಕೊಟ್ಟು ನುಂಗಿಸಿದರು. "ರಕ್ತ ಪರೀಕ್ಷಾ ಮಾಡಸ್ರಿ, ಥೈರಾಯ್ಡೂ ನೋಡೂಣು."

"ಅದು ಹೆಣ್ಮಕ್ಕಳ ಜಡ್ಡ ಅಲ್ಲೇನ್ರಿ?"

"ಕುತ್ತಿಗಿ ಎಲ್ಲಾರಿಗೂ ಐತೆಲ್ರಿ" ಎಂದರು.

ರಿಪೋರ್ಟಿಗೆ ಮರುದಿನ ಹೋದೆವು. ಟಿಎಸ್‌ಎಚ್ ಎಂಬುದರ ಎದುರಿನ ಅಂಕಿ ಇರಬೇಕಾದ್ದಕ್ಕಿಂತ ಮೇಲಿತ್ತು. ಡಾಕ್ಟರಮ್ಮ ಮಾತ್ರ, "ಥೈರಾಯ್ಡ್ ಕಮ್ಮಿ ಆಗೇತ್ರಿ" ಎಂದರು. ಅಂಕಿ ಏರಿದ್ದಕ್ಕೆ ಕಮ್ಮಿ ಎನ್ನುವ ಲೆಕ್ಕ ವ್ಯಾಪಾರಿಯ ತಲೆಗೆ ಹೋಗಲಿಲ್ಲ. ಅವರು ತಾಳ್ಮೆಯಿಂದ ಬಿಡಿಸಿ ಹೇಳಿದರು. "ಕುತ್ತಿಗ್ಯಾಗ ಒಂದ ಸಣ್ಣ ಗ್ರಂಥಿ ಐತ್ರಿ. ಅದು ಕೆಲಸಾ ಮಾಡ್ಲಿ ಅಂತ ಮಿದುಳಿನ ಕಡೆಯಿಂದ ಹೇಳಿಕಳಸ್ತಾರ. ಅದು ಏಳಲಿಲ್ಲಂದ್ರ ಇನ್ನೂ ಜೋರಾಗಿ ಒದರಬೇಕಾಗತೈತಿ. ಈ ಅಂಕಿ ಅಂದ್ರ ಆ ಒದರೂದು."

ಸುವರ್ಣಾ ಸೆರಗನ್ನು ಬಾಯಿಗೆ ಹಿಡಿದಳು. ಅಳುತ್ತಾಳೆಂದುಕೊಂಡೆ. ನಗುತ್ತಿದ್ದಳು, ಅಳುತ್ತಲೂ ಇದ್ದಳು. "ಹಂಗಾರ ಇವರ ಒಳಗೂ ನನ್ನಂಥಾಕಿ ಒಬ್ಬಾಕಿ ಒದರಾಕತ್ತಾಳ್ರಿ, ಪಾಪ!" ಎಂದಳು. ದೊಡ್ಡದೇನೂ ಇಲ್ಲ, ದಿನಾ ಒಂದು ಗುಳಿಗೆ ಸಾಕು ಎಂದು ಕೇಳಿದ್ದೇ ತಡ, ತಂಗಿಗೆ ಫೋನ್ ಮಾಡಲು ಹೊರಗೆ ಓಡಿದಳು. ನನಗೂ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ನನ್ನದು ಮೈಗಳ್ಳತನವಲ್ಲ, ಕಾಯಿಲೆ! ಮುದ್ರೆ ಒತ್ತಿದ ಕಾಗದವೇ ಇದೆ! ಅವಳು ಹೊರಗಿದ್ದಾಗ ಡಾಕ್ಟರಮ್ಮ ಗುಳಿಗೆಯ ಕ್ರಮ ಹೇಳಿದರು: ಬೆಳಗ್ಗೆ ಎದ್ದೊಡನೆ ಖಾಲಿ ಹೊಟ್ಟೆಯಲ್ಲಿ ನುಂಗಬೇಕು, ಅರ್ಧ ತಾಸು ಚಹಾ ತಿಂಡಿ ಏನೂ ಕೂಡದು.

ಮನೆಗೆ ಬಂದು ಇದನ್ನು ಸುವರ್ಣಾಳಿಗೆ ಹೇಳುವಾಗ ನನ್ನ ಬಾಯಿಂದ ಒಂದು ಮಾತು ಹೆಚ್ಚಿಗೆ ಬಂದುಬಿಟ್ಟಿತು. "ಗುಳಿಗಿ ನುಂಗಿದ ಮ್ಯಾಲ ಅಲುಗಾಡದಂಗ ಮಲಗಬೇಕಂತ" ಎಂದೆ. ಅವಳು ನಂಬಿದಳು. ನಂಬಿದ್ದಷ್ಟೇ ಅಲ್ಲ, ಆ ಅರ್ಧ ತಾಸನ್ನು ವ್ರತದಂತೆ ಕಾಯ್ದಳು. ಮಿಕ್ಸರ್ ಹಚ್ಚಲಿಲ್ಲ, ಹಾಲಿನವನಿಗೆ ಬಾಗಿಲು ಬಡಿಯಬೇಡ ಎಂದಳು. ಕೆಲವು ವಾರಗಳಲ್ಲಿ ನನ್ನ ಚಳಿ ಹೋಯಿತು, ಕಪಾಟಿನ ಮೇಲಿನ ಸಾಲಿನ ಸೀರೆಗಳು ತಾವಾಗಿ ಇಳಿಯತೊಡಗಿದವು, ಅಂಗಡಿಯಲ್ಲಿ ನಿದ್ದೆ ನಿಂತಿತು. ಬೆಳಗಿನ ಅರ್ಧ ತಾಸು ಮಾತ್ರ ಹೇಗೋ ಬೆಳೆದು ಒಂದು ತಾಸಾಯಿತು. ಕಣ್ಣು ಮುಚ್ಚಿ, ಪೂರ್ತಿ ಎಚ್ಚರವಾಗಿದ್ದು, ಮಲಗುವ ಸುಖ ಅನುಭವಿಸಿದವರಿಗೇ ಗೊತ್ತು.

ಮತ್ತೆ ರಕ್ತ ಪರೀಕ್ಷೆಯಾಯಿತು. ಡಾಕ್ಟರಮ್ಮ ರಿಪೋರ್ಟ್ ನೋಡಿ, "ನಾರ್ಮಲ್ ಬಂದೈತ್ರಿ, ಇದ ಗುಳಿಗಿ ಮುಂದುವರಸ್ರಿ" ಎಂದರು. ಏಳಲು ಹೊರಟಿದ್ದೆವು. ಸುವರ್ಣಾ ಭಕ್ತಿಯಿಂದ ಕೇಳಿದಳು, "ಗುಳಿಗಿ ತಗೊಂಡ ಮ್ಯಾಲ ಇನ್ನೂ ಒಂದ್ ತಾಸ್ ಮಲಗಬೇಕೇನ್ರಿ, ಇಲ್ಲಾ ಕಡಿಮಿ ಮಾಡಬಹುದೋ?"

ಡಾಕ್ಟರಮ್ಮ ನನ್ನನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. "ಮಲಗೂದು ಯಾಕ್ರಿ? ಆ ಹೊತ್ತಿನ್ಯಾಗ ವಾಕಿಂಗ್ ಹೋಗಿ ಬರ್ಲಿ" ಎಂದರು.

ಆಸ್ಪತ್ರೆಯ ಮೆಟ್ಟಿಲಲ್ಲೇ ಶುರುವಾಯಿತು. "ಮಿಕ್ಸರ್ ಬಿಟ್ಟು ಕಲ್ಲಿನ ಮ್ಯಾಲ ಚಟ್ನಿ ಅರದೀನ್ರಿ ನಾ! ಹಾಲಿನಾವನ ಬಾಯಿ ಮುಚ್ಚಿಸೀನಿ! ದೇವರಿಗೆ ಹರಕಿ ಹೊತ್ತೀನಿ! ಮೈಗಳ್ಳ, ಹುಟ್ಟಾ ಮೈಗಳ್ಳ!" ಆಟೋ ಹತ್ತಿದರೂ ನಿಲ್ಲಲಿಲ್ಲ. ಮದುವೆಯ ಜವಳಿಯ ದಿನದಿಂದ ನಾನು ಕೇಳದೆ ಇದ್ದ ದನಿ, ಅದೇ ಎತ್ತರ, ಅದೇ ಕಸುವು. ಕೇಳುತ್ತ ಕೇಳುತ್ತ ನನಗೆ ಕಣ್ಣು ಒದ್ದೆಯಾಯಿತು. ಅವಳಿಗೆ ಇನ್ನು ನನ್ನ ಬಗ್ಗೆ ಹೆದರಿಕೆಯಿಲ್ಲ.

ಆಟೋದವನು ಗಾಬರಿಯಿಂದ ಕನ್ನಡಿಯಲ್ಲಿ ನೋಡಿ, "ಏನಾಗೇತ್ರಿ ಅಣ್ಣಾರ ನಿಮಗ?" ಎಂದ.

"ಏನೂ ಆಗಿಲ್ಲೋ ತಮ್ಮಾ! ಎಲ್ಲಾ ನಾರ್ಮಲ್ ಐತಿ!" ಎಂದೆ, ಹಿಗ್ಗು ತಡೆಯಲಾರದೆ.

ಅದನ್ನು ಕೇಳಿ ಸುವರ್ಣಾ ಮತ್ತೆ ಮೊದಲಿನಿಂದ ಶುರುಮಾಡಿದಳು.