ಹವಾಯಿಯ ಕೆಸುವಣ್ಣ

ಎಲ್ಲ ಅನಾಹುತಕ್ಕೂ ಕಾರಣ ಹಿತಾ ಕೆಸುವಿನ ಗೆಡ್ಡೆಯನ್ನು ಒದ್ದೆ ಕೈಯಲ್ಲಿ ಸುಲಿದದ್ದು.

ಅವಳು ಎಂ.ಎ. ಮಾಡಿದವಳು. ಹವಾಯಿ ದ್ವೀಪಗಳ ಬಗ್ಗೆ ವಾರವಿಡೀ ಓದಿದ್ದಳು. ಅಲ್ಲಿನವರು ಕೆಸುವನ್ನು ಬೇಯಿಸಿ ಕುಟ್ಟಿ 'ಪೋಯಿ' ಎಂಬ ಮುದ್ದೆ ಮಾಡುತ್ತಾರೆಂದು ಅವಳಿಗೆ ಗೊತ್ತಿತ್ತು. ಹಸಿ ಕೆಸು ತಾಗಿದರೆ ಕೈ ತುರಿಸುತ್ತದೆಂದು ಮಾತ್ರ ಯಾವ ಪುಸ್ತಕವೂ ಹೇಳಿರಲಿಲ್ಲ. ಅದು ಮಂಗಳೂರಿನಲ್ಲಿ ಹುಟ್ಟಿದ ಯಾರಿಗೂ ಹೇಳಬೇಕಾಗಿಲ್ಲದ ಸಂಗತಿ.

ಆ ಬೆಳಿಗ್ಗೆ ಗಲ್ಫಿನ ನಗರದ ಖಾಲಿದಿಯಾ ಬಡಾವಣೆಯ ಒಂದು ಮಕ್ಕಳ ಕೇಂದ್ರದಲ್ಲಿ ಅವಳ ಡೆಮೋ ಕ್ಲಾಸ್ ಇತ್ತು. ವಿಷಯ ಹವಾಯಿ. ಪಾಠ ಒಪ್ಪಿಗೆಯಾದರೆ ಕೆಲಸ, ಕೆಲಸವಾದರೆ ವೀಸಾ. ಇಲ್ಲದಿದ್ದರೆ ವಿಸಿಟ್ ವೀಸಾ ಮುಗಿದ ಕೂಡಲೇ ಮಂಗಳೂರಿನ ವಿಮಾನ. ಹಿತಾಳಿಗೆ ಹೋಗುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಅವಳು ಬಂದು ಉಳಿದಿದ್ದ, ಅಲ್ ರೀಮ್ ಐಲ್ಯಾಂಡಿನ ಅಕ್ಕನ ಕಟ್ಟಡದ ಲಿಫ್ಟಿನಲ್ಲಿ ಎಷ್ಟು ಜನ ನಿಂತಿದ್ದರೂ ಎಲ್ಲರೂ ಮೇಲೇರುವ ನಂಬರನ್ನು ನೋಡುತ್ತಾರೆಯೇ ಹೊರತು ಅವಳನ್ನಲ್ಲ. ಊರಿನ ಬಿಜೈಯಲ್ಲಾದರೆ ಗೇಟಿನಿಂದ ಬಸ್‌ಸ್ಟಾಪಿಗೆ ತಲುಪುವಷ್ಟರಲ್ಲಿ ಓಣಿಯ ಅಜ್ಜಿಯಂದಿರು ಅವಳ ಮದುವೆ, ತೂಕ, ಉದುರುವ ಕೂದಲು ಎಲ್ಲವನ್ನೂ ವಿಚಾರಿಸಿ ಮುಗಿಸುತ್ತಿದ್ದರು. ದೊಡ್ಡವರು ಇಬ್ಬರು ಎದುರು ಕೂತರೆ ಸಾಕು, ಹಿತಾಳ ಸ್ವರ ಸುರಂಗಕ್ಕೆ ಹೊಕ್ಕ ಮೊಬೈಲಿನಂತೆ ಕಡಿದುಹೋಗುತ್ತಿತ್ತು.

ಆದರೆ ಅಕ್ಕ ಯಶ್ಮಿತಾಳ ಮಹಡಿಗೆ ಊರಿನ ಎರಡು ತುಂಡು ಮೊದಲೇ ಬಂದು ಅಂಟಿಕೊಂಡಿದ್ದವು. ಎದುರು ಫ್ಲ್ಯಾಟಿನಲ್ಲಿ ಮಗನ ಜೊತೆಗಿದ್ದ ಬೀಯಮ್ಮ. ಪಕ್ಕದಲ್ಲಿ ಮಗಳ ಜೊತೆಗಿದ್ದ ಪೂವಪ್ಪ. ಅಕ್ಕ ಡ್ಯೂಟಿಗೆ ಹೋಗಿದ್ದರಿಂದ ಹಿತಾಳ "ಅಯ್ಯಮ್ಮಾ" ಮೊದಲು ಕೇಳಿದ್ದು ಬೀಯಮ್ಮನಿಗೆ.

"ಎಂತದು ಮೋಳೆ, ನನ್ನ ಮಗಳೇ, ಒಬ್ಳೇ ಡ್ಯಾನ್ಸಾ?"

"ಕೆಸು ಸುಲಿದೆ. ಕೈ ತುರಿಸ್ತಾ ಉಂಟು."

"ಎಣ್ಣೆ ಹಚ್ಚದೆ? ಒದ್ದೆ ಕೈಯಲ್ಲಿ?" ಬೀಯಮ್ಮ ಹಣೆಗೆ ಕೈಯಿಟ್ಟರು. "ನಿನ್ನ ಅಮ್ಮ ನಿನಗೆ ಕೆಸುವಿನೆಲೆಯ ಪತ್ರೊಡೆ ತಿನ್ಲಿಕ್ಕೆ ಮಾತ್ರ ಕಲಿಸಿದ್ದಾ?"

ಅವರು ಓಡಿಹೋಗಿ ಹುಣಸೆಹುಳಿ ತಂದು ಹಿತಾಳ ಎರಡೂ ಕೈಗೆ ತಿಕ್ಕಿದರು. ಅಷ್ಟರಲ್ಲಿ ತೆರೆದ ಬಾಗಿಲಿನಿಂದ ಪೂವಪ್ಪ ಒಳಬಂದರು.

"ಹುಳಿ ಎಂತಕ್ಕೆ? ಒಲೆಯ ಬಿಸಿಗೆ ಹಿಡೀಬೇಕು," ಎಂದರು.

"ಹುಡುಗಿಯನ್ನು ಸುಡ್ತೀರಾ ಪೂವಪ್ಪಣ್ಣ?"

"ನೀವು ಉಪ್ಪಿನಕಾಯಿ ಹಾಕ್ಲಿಕ್ಕೆ ಹೊರಟಿದ್ದೀರಲ್ಲ, ಅದಕ್ಕಿಂತ ವಾಸಿ."

ಹುಳಿಯಾಯಿತು, ಬಿಸಿಯಾಯಿತು, ಕೊನೆಗೆ ತೆಂಗಿನೆಣ್ಣೆಯೂ ಆಯಿತು. ಹಿತಾಳ ಕೈಗಳು ಬೇಯಿಸಿದ ಸಿಗಡಿಯಂತೆ ಕೆಂಪಾದವು. ತುರಿಕೆ ಮಾತ್ರ ಬಾಡಿಗೆದಾರನಂತೆ ಹಾಯಾಗಿ ನೆಲೆಸಿತ್ತು. ಉಳಿದ ಗೆಡ್ಡೆಯನ್ನು ಬೀಯಮ್ಮನೇ ಬೇಯಿಸಿ ಕುಟ್ಟಿದರು. ಬೆರಳಲ್ಲಿ ತೆಗೆದು ರುಚಿ ನೋಡಿದವರು ಅಲ್ಲೇ ನಿಂತುಬಿಟ್ಟರು.

"ಉಪ್ಪಿಲ್ಲ, ಖಾರ ಇಲ್ಲ. ಇದು ತಿನ್ಲಿಕ್ಕಾ, ಗೋಡೆಗೆ ಪೋಸ್ಟರ್ ಅಂಟಿಸ್ಲಿಕ್ಕಾ?"

"ಹವಾಯಿಯಲ್ಲಿ ಹೀಗೇ ತಿನ್ನೋದು."

"ಪಾಪ. ಅವರಿಗೆ ಹೇಳಿಕೊಡುವವರು ಯಾರೂ ಇರ್ಲಿಲ್ಲ."

"ಬೆಲ್ಲ ಹಾಕಿದ್ರೆ ಸರಿಯಾಗ್ತದೆ," ಎಂದರು ಪೂವಪ್ಪ.

"ಬೆಲ್ಲವಾ? ಮೆಣಸು ಅರೆದು ಹಾಕ್ಬೇಕು."

ಏನೂ ಹಾಕಬಾರದೆಂದು ಬೇಡಿಕೊಳ್ಳುವುದರಲ್ಲಿ ಹೊತ್ತಾಯಿತು. ಬಟ್ಟಲು ಹಿಡಿಯಲು ಹಿತಾಳ ಕೈ ನಿಲ್ಲುತ್ತಿರಲಿಲ್ಲವಾದ್ದರಿಂದ ಅದನ್ನು ಬೀಯಮ್ಮ ಹಿಡಿದುಕೊಂಡರು. ಬೀಯಮ್ಮ ದಾರಿಯಲ್ಲಿ ಮೆಣಸು ಹಾಕಿಯಾರೆಂದು ಕಾವಲಿಗೆ ಪೂವಪ್ಪನೂ ಟ್ಯಾಕ್ಸಿ ಹತ್ತಿದರು.

"ಯಲ್ಲಾ, ಬೇಗ ಹೋಗಪ್ಪ," ಎಂದರು ಬೀಯಮ್ಮ ಡ್ರೈವರಿಗೆ, ಅವನಿಗೆ ಅರ್ಥವಾಗುವ ಅರ್ಧವನ್ನು ಅರಬಿಯಲ್ಲಿ, ಅರ್ಥವಾಗದ ಉಳಿದರ್ಧವನ್ನು ಕನ್ನಡದಲ್ಲಿ.

ಕೇಂದ್ರದ ಒಡತಿ ಫಿಯೋನಾ ಮಂಗಳೂರಿನವರೇ. ಮಕ್ಕಳೂ ಹೆಚ್ಚಿನವರು ಕರಾವಳಿಯ ಮನೆಗಳವರು. ಕನ್ನಡ ಕೇಳುತ್ತಾರೆ, ಇಂಗ್ಲಿಷಿನಲ್ಲಿ ಉತ್ತರಿಸುತ್ತಾರೆ. ಹಿತಾಳ ಹಿಂದೆ ಇಬ್ಬರು ಹಿರಿಯರನ್ನು ಕಂಡು ಫಿಯೋನಾ ಹುಬ್ಬೇರಿಸಿದರು.

"ಇವರು?"

"ನಾವು ಅವಳ ಕೈಗಳು," ಎಂದು ಬೀಯಮ್ಮ ಹೇಳಿ, ಮಕ್ಕಳ ಪುಟ್ಟ ಕುರ್ಚಿಯೊಂದರಲ್ಲಿ ಹೇಗೋ ಕೂತರು. ಪೂವಪ್ಪ ಪಕ್ಕದ ಹಳದಿ ಕುರ್ಚಿಯಲ್ಲಿ ಕೂತಾಗ ಅವರ ಮೊಣಕಾಲು ಕಿವಿಯ ಮಟ್ಟಕ್ಕೆ ಬಂತು.

ಹಿತಾ ಮಕ್ಕಳ ಎದುರು ನಿಂತಳು. ಮಕ್ಕಳ ಹಿಂದೆ ಮೂವರು ದೊಡ್ಡವರು. ಬಾಯಿ ತೆರೆದಳು, ಸ್ವರವಿಲ್ಲ. ಅದೇ ಹೊತ್ತಿಗೆ ಮಣಿಕಟ್ಟಿನಲ್ಲಿ ತುರಿಕೆ ಎದ್ದಿತು. ತುರಿಸಿಕೊಂಡರೆ ಫಿಯೋನಾ ಏನೆಂದುಕೊಂಡಾರು. ಅವಳು ಮಣಿಕಟ್ಟನ್ನು ಮೆಲ್ಲನೆ ತಿರುಗಿಸಿದಳು. ತುರಿಕೆ ಬೆರಳಿಗಿಳಿಯಿತು, ಬೆರಳುಗಳನ್ನು ಅಲೆಯಂತೆ ಆಡಿಸಿದಳು. ಮೊಣಕೈಗೆ ಹತ್ತಿತು, ಕೈಯನ್ನೇ ಮೇಲೆತ್ತಿ ಬಳುಕಿಸಿದಳು.

"ಮಿಸ್ ಈಸ್ ಡುಯಿಂಗ್ ಹುಲಾ," ಎಂದಳು ಮುಂದೆ ಕೂತಿದ್ದ ನಾಫಿಯಾ. ಮಕ್ಕಳೆಲ್ಲ ಎದ್ದು ಕೈ ಬಳುಕಿಸತೊಡಗಿದರು.

ಹಿತಾಳಿಗೆ ಸ್ವರ ಮರಳಿತು. "ಹೌದು, ಇದೇ ಹುಲಾ, ಹವಾಯಿಯ ಕುಣಿತ. ಹುಲಾದಲ್ಲಿ ಕೈಯೇ ಕತೆ ಹೇಳೋದು. ಇದು ಸಮುದ್ರ. ಇದು ಅದರ ಅಡಿಯಿಂದ ಎದ್ದ ಬೆಂಕಿ. ಆ ಬೆಂಕಿ ತಣ್ಣಗಾಗಿ ಕಲ್ಲಾಯ್ತು, ಕಲ್ಲು ಎತ್ತರವಾಗಿ ದ್ವೀಪವಾಯ್ತು."

"ನಮ್ಮ ರೀಮ್ ಐಲ್ಯಾಂಡ್ ಆಲ್ಸೋ ವಾಲ್ಕೇನೋ?"

"ಇಲ್ಲ. ಇಲ್ಲಿ ಬೆಂಕಿ ಇಲ್ಲ."

"ಬಟ್ ಸೋ ಹಾಟ್, ಮಿಸ್."

ತುರಿಕೆ ಹೋದಲ್ಲೆಲ್ಲ ಪಾಠವೂ ಹೋಯಿತು. ಹಕ್ಕಿಯ ರೆಕ್ಕೆಗೆ ಅಂಟಿ ಬಂದ ಬೀಜಗಳು, ದಂಡೆಗೆ ಬಂದು ಬಿಸಿಲು ಕಾಯಿಸಿಕೊಳ್ಳುವ ಆಮೆಗಳು, ನಕ್ಷತ್ರ ನೋಡಿ ದೋಣಿ ನಡೆಸಿ ಬಂದ ಜನ. ಅವರಿಗೊಬ್ಬಳು ರಾಣಿಯಿದ್ದಳೆಂದೂ, ಹೊರಗಿನಿಂದ ಬಂದ ವ್ಯಾಪಾರಸ್ಥರು ಸೇರಿಕೊಂಡು ಅವಳ ಸಿಂಹಾಸನ ಕಿತ್ತು ಅವಳದೇ ಅರಮನೆಯ ಕೋಣೆಯಲ್ಲಿ ಅವಳನ್ನು ಕೂಡಿಹಾಕಿದರೆಂದೂ, ಅವಳು ಅಲ್ಲಿ ಕೂತು ಬಣ್ಣದ ತುಂಡುಗಳ ಕೌದಿ ಹೊಲಿದಳೆಂದೂ ಹೇಳಿದಾಗ ಬಳುಕುತ್ತಿದ್ದ ಪುಟ್ಟ ಕೈಗಳೆಲ್ಲ ಕೆಳಗಿಳಿದವು.

"ಡಿಡ್ ಶಿ ಗೆಟ್ ಇಟ್ ಬ್ಯಾಕ್?"

"ಇಲ್ಲ. ಅವಳ ಹಾಡುಗಳು ಮಾತ್ರ ಉಳಿದವು. ಈಗಲೂ ಹಾಡ್ತಾರೆ."

"ಅಯ್ಯೋ ಮೋಳೆ," ಎಂದು ಬೀಯಮ್ಮ ಹಿಂದಿನಿಂದ ಕಣ್ಣೊರೆಸಿಕೊಂಡರು.

ಹಿತಾ ಪೋಯಿಯ ಬಟ್ಟಲನ್ನು ನಡುವೆ ಇಟ್ಟು ಮುಚ್ಚಳ ತೆಗೆದಳು. "ಅವರ ಹಳೇ ಕತೆಯಲ್ಲಿ ಮೊದಲು ಹುಟ್ಟಿದ ಮಗು ಉಳಿಯಲಿಲ್ಲ. ಅದನ್ನು ಮಣ್ಣು ಮಾಡಿದ ಜಾಗದಲ್ಲಿ ಕೆಸು ಹುಟ್ಟಿತು. ಆಮೇಲೆ ಹುಟ್ಟಿದವನು ಮನುಷ್ಯ. ಹಾಗಾಗಿ ಕೆಸು ಎಲ್ಲರಿಗೂ ಅಣ್ಣ. ಅಣ್ಣ ನಮಗೆ ಊಟ ಕೊಡ್ತಾನೆ, ನಾವು ಅಣ್ಣನನ್ನು ನೋಡ್ಕೊಳ್ಬೇಕು. ಪೋಯಿಯ ಬಟ್ಟಲು ತೆರೆದಿರುವಾಗ ಅವನ ಎದುರು ಯಾರೂ ಜಗಳ ಮಾಡಬಾರದು."

ಮಕ್ಕಳು ಒಂದೊಂದು ಬೆರಳು ಅದ್ದಿ ನೆಕ್ಕಿದರು. ಮುಖಗಳು ಒಂದೊಂದಾಗಿ ಸೊಟ್ಟಗಾದವು.

"ನಾನು ಹೇಳ್ಲಿಲ್ವಾ," ಎಂದರು ಪೂವಪ್ಪ. "ಬೆಲ್ಲ ಹಾಕ್ಬೇಕಿತ್ತು."

"ಮೆಣಸು ಹಾಕಿದ್ರೆ ಈಗ ಬಟ್ಟಲು ಖಾಲಿಯಾಗ್ತಿತ್ತು."

"ನಿಮ್ಮ ಖಾರಕ್ಕೆ ಮಕ್ಕಳು ಆಸ್ಪತ್ರೆಗೆ ಹೋಗ್ತಿದ್ರು."

"ಹೌದು, ನಿಮ್ಮ ಬೆಲ್ಲದ ನೀರು ಕುಡಿದು ನಿಮ್ಮ ಮನೆಯ ನೆಂಟ್ರು ಹೋದ ಹಾಗೆ."

ಪೂವಪ್ಪ ಕುರ್ಚಿಯ ಸಮೇತ ಎದ್ದರು, ಅದು ಬಿಟ್ಟುಬರಲಿಲ್ಲ. ಫಿಯೋನಾ ಗಾಬರಿಯಿಂದ ಮುಂದೆ ಬಂದರು. ಹಿತಾಳಿಗೆ ಮಂಗಳೂರಿನ ವಿಮಾನದ ಕಿಟಕಿ ಕಣ್ಣೆದುರು ಬಂತು. ಅವಳು ಮಕ್ಕಳ ಕಡೆ ಬಾಗಿ ಮೆಲ್ಲಗೆ ಹೇಳಿದಳು: "ಅಣ್ಣನಿಗೆ ಕೇಳಿಸ್ತಾ ಉಂಟು."

ಮಕ್ಕಳು ಒಟ್ಟಾಗಿ ಹಿಂದೆ ತಿರುಗಿ ತುಟಿಯ ಮೇಲೆ ಬೆರಳಿಟ್ಟರು.

"ಬೌಲ್ ಓಪನ್ ಉಂಟು, ಅಜ್ಜಾ," ಎಂದಳು ನಾಫಿಯಾ ಕಠಿಣವಾಗಿ. "ನೋ ಫೈಟಿಂಗ್. ಸೇ ಸಾರಿ."

ಪೂವಪ್ಪ ಬೀಯಮ್ಮನನ್ನು ನೋಡಿದರು. ಬೀಯಮ್ಮ ಬಟ್ಟಲನ್ನು ನೋಡಿದರು. ಅಕ್ಕನ ಮಹಡಿಯಲ್ಲಿ ಎರಡು ವರ್ಷದಿಂದ ಕೇಳಿಸದ ಶಬ್ದವೊಂದು ಕೇಳಿಸಿತು: ಇಬ್ಬರೂ ಒಟ್ಟಿಗೆ ಸುಮ್ಮನಿರುವುದು. ಆಮೇಲೆ ಇಬ್ಬರೂ "ಸಾರಿ" ಅಂದರು. ಬೆರಳದ್ದಿ ಪೋಯಿ ನೆಕ್ಕಿ, ಅಣ್ಣನಿಗೆ ಬೇಸರವಾಗದಂತೆ ನುಂಗಿದರು.

ಕ್ಲಾಸ್ ಮುಗಿದಾಗ ಫಿಯೋನಾ ಹಿತಾಳ ಕೈ ಹಿಡಿದುಕೊಂಡರು. ಹಿರಿಯರಿಬ್ಬರೂ ಕರೆಯದೆ ಹತ್ತಿರ ಬಂದರು.

"ಹಿತಾ, ಕೆಲಸ ನಿಮ್ಮದೇ. ಮಕ್ಕಳಿಗೆ ಕಲಿಸುವವರು ನನಗೆ ಬೇಕಾದಷ್ಟು ಸಿಗ್ತಾರೆ. ಹಿಂದೆ ಕೂತ ದೊಡ್ಡವರನ್ನು ಸುಮ್ಮನಿರಿಸುವವರು ಇವತ್ತೇ ಸಿಕ್ಕಿದ್ದು."

ಹಿತಾಳ ಎದೆ ಲಿಫ್ಟಿಗಿಂತ ವೇಗವಾಗಿ ಮೇಲೇರಿತು.

"ಇಲ್ಲಿಗೆ ಅಲ್ಲ," ಎಂದು ಫಿಯೋನಾ ಮುಂದುವರಿಸಿದರು. "ಇಲ್ಲಿ ಪೇರೆಂಟ್ಸ್ ಮಕ್ಕಳನ್ನು ಬಿಟ್ಟು ಡ್ಯೂಟಿಗೆ ಹೋಗ್ತಾರೆ, ಉಪದ್ರ ಇಲ್ಲ. ಊರಲ್ಲಿ ಹೊಸ ಬ್ರಾಂಚ್ ಮಾಡಿದ್ದೇವೆ, ಬಿಜೈಯಲ್ಲಿ. ಅಲ್ಲಿ ಒಂದು ಮಗುವಿನ ಹಿಂದೆ ಮೂರು ಅಜ್ಜಿ ಬಂದು ಕೂತು ಟೀಚರಿಗೇ ಪಾಠ ಮಾಡ್ತಾರೆ. ಇಬ್ಬರು ಟೀಚರ್ಸ್ ಬಿಟ್ಟು ಹೋದ್ರು. ನೀವೇ ಸರಿ."

ಹಿತಾ ಬೇಡವೆನ್ನಲು ಬಾಯಿ ತೆರೆದಳು. ಸ್ವರವಿಲ್ಲ.

"ಅವಳು ಒಪ್ಪಿದಳು," ಎಂದರು ಬೀಯಮ್ಮ. "ಊರಲ್ಲೇ ಕೆಲಸ, ಖಲಾಸ್. ಇನ್ನೆಂತ ಬೇಕು?"

"ಈ ಮಾತಿಗೆ ನನ್ನದೂ ಒಪ್ಪಿಗೆ," ಎಂದ ಪೂವಪ್ಪ ಆಗಲೇ ಹಿತಾಳ ಅಮ್ಮನಿಗೆ ಫೋನು ಹಚ್ಚಿ, ವಿಷಯ ಹೇಳಿ, ಸ್ಪೀಕರ್ ಹಾಕಿದ್ದರು.

"ಬಿಜೈಯಲ್ಲಾ? ನಮ್ಮ ಓಣಿಯ ಬುಡದಲ್ಲೇ," ಎಂದಿತು ಅಮ್ಮನ ಸ್ವರ, ಹಿಗ್ಗಿನಿಂದ. "ನಾನೂ ದಿನಾ ಬಂದು ಕೂತ್ಕೊಳ್ತೇನೆ. ಒಳಗೆ ಕೂರ್ಲಿಕ್ಕೆ ಜೊತೆಗೊಂದು ಮಗು ಬೇಕೇ ಬೇಕು ಅಂದ್ರೆ ಪಕ್ಕದ ಮನೆಯದ್ದನ್ನು ಎತ್ಕೊಂಡು ಬರ್ತೇನೆ."