ಹೂವಿನ ಮೇಲೆ ಕೊಂಡ ಮರ

ತನ್ನ ಹಿತ್ತಲಿನ ಮಾವಿನ ಮರಕ್ಕೆ ತಾನೇ ದೋಟಿ ಹಾಕಿದ್ದು ಗಂಗಾಧರ್ ಅಂದು ಮಾಡಿದ ಮೊದಲ ತಪ್ಪು. ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದ ಒಂಬತ್ತು ವರ್ಷದ ಮಗಳು ಮೇಘನ ನೊರೆ ಉಗುಳಿ, "ಅಪ್ಪ, ಕೀಳಬೇಡ. ಅದು ನನ್ನ ಮರ" ಅಂದಳು.

"ಎಲ್ಲಾ ನಿಂದೇ ಕಣಮ್ಮ" ಎಂದು ಗಂಗಾಧರ್ ಎಲ್ಲ ಅಪ್ಪಂದಿರಂತೆ ಉದಾರವಾಗಿ ಹೇಳಿ ಮತ್ತೆ ದೋಟಿ ಎತ್ತಿದ.

"ಹಂಗಲ್ಲ. ಹೂವಿನ ಮೇಲೇ ತಗೊಂಡಿದೀನಿ. ಮುನ್ನೂರು ರೂಪಾಯಿ. ಅಜ್ಜೀನ ಕೇಳು."

ದೋಟಿ ಅರ್ಧಕ್ಕೇ ನಿಂತಿತು. ಮರ ಹೂ ಬಿಟ್ಟಾಗಲೇ ಆ ವರ್ಷದ ಫಸಲಿಗೆ ಬೆಲೆ ಕಟ್ಟಿ ಕೊಳ್ಳುವುದು ಶ್ರೀನಿವಾಸಪುರದ ವಾಡಿಕೆ. ಆಮೇಲೆ ಕಾಯಿ ಉದುರಲಿ, ಉಳಿಯಲಿ, ಕೊಂಡವನ ಹಣೆಬರಹ. ಆದರೆ ಈ ವಾಡಿಕೆ ಪ್ರೈಮರಿ ಸ್ಕೂಲಿನವರೆಗೂ ಇಳಿದಿದೆಯೆಂದು ಗಂಗಾಧರನಿಗೆ ಗೊತ್ತಿರಲಿಲ್ಲ. ಇಳಿಸಿದವನು ಅವನೇ. ಸಂಕ್ರಾಂತಿಗೆ ಮಗಳಿಗೆ ಮೂರು ಡಬ್ಬಿ ತಂದುಕೊಟ್ಟು, ಉಳಿತಾಯ, ಹೂಡಿಕೆ, ದಾನ ಎಂದು ಅವುಗಳ ಮೇಲೆ ಬರೆದು, ಪಾಯಸ ಆರಿಹೋಗುವಷ್ಟು ಹೊತ್ತು ಭಾಷಣ ಬಿಗಿದಿದ್ದ.

ಇವತ್ತು ಮಾತ್ರ ಅವನಿಗೆ ಒಂದು ಬುಟ್ಟಿ ಬಾದಾಮಿ ಮಾವು ಬೇಕೇ ಬೇಕಿತ್ತು. ಸಹಕಾರಿ ಬ್ಯಾಂಕೊಂದರ ರಾಯಲ್ಪಾಡು ಶಾಖೆಯಲ್ಲಿ ಗುಮಾಸ್ತನಾದ ಅವನು ವರ್ಷಗಟ್ಟಲೆ ಬಸ್ಸಿನಲ್ಲಿ, ಟೊಮೊಟೊ ಕ್ರೇಟುಗಳ ನಡುವೆ ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಂತು ಓಡಾಡಿದ್ದ. ಅವನನ್ನು ಊರಿನ ಶಾಖೆಗೆ ವರ್ಗ ಮಾಡಬಲ್ಲ ಶೋಭಾರಾಣಿ ಮೇಡಂ ಕೋಲಾರದಿಂದ ಇವತ್ತು ಬರುವವರಿದ್ದರು. "ನಿಮ್ಮೂರ ಬಾದಾಮಿ ಚೆನ್ನಾಗಿರುತ್ತಂತೆ" ಎಂದು ಹೋದ ಸಲ ಅಂದಿದ್ದರು. ಬುದ್ಧಿವಂತನಿಗೆ ಅಷ್ಟು ಸಾಕು.

"ಅಮ್ಮ, ಮನೆ ಮರಾನ ಮಗೂಗೆ ಮಾರಿದ್ಯಾ?"

ದೊಡ್ಡಗಂಗಮ್ಮ ವೀಳ್ಯದೆಲೆಗೆ ಸುಣ್ಣ ಸವರುತ್ತಲೇ ಹೇಳಿದಳು: "ಮರ ನಾನು ನೆಟ್ಟಿದ್ದು ಕಣೋ. ಹೂವಿನ ಮೇಲೆ ತಗೋತೀಯಾ ಅಂತ ನಿನ್ನೂ ಕೇಳ್ದೆ. ನಗಾಡ್ಕೊಂಡು ಹೋದೆ. ಮಗು ದುಡ್ಡಿಟ್ಟು ತಗೊಂತು."

"ಏಮಿ ಸಾರ್, ಬೆಳ್ಬೆಳಿಗ್ಗೇನೇ ಗಲಾಟೆ?" ಪಕ್ಕದ ಮನೆಯ ಕೊಂಡಪ್ಪ ಕಾಂಪೌಂಡಿನ ಮೇಲೆ ಗದ್ದ ಊರಿದ. ಮಂಡಿಯಲ್ಲಿ ದಲ್ಲಾಳಿಯಾದ ಅವನಿಗೆ ಮಾವಿನ ಜಗಳವೆಂದರೆ ಮದುವೆ ಊಟ. ಪೂರ್ತಿ ಕೇಳಿ ತೀರ್ಪು ಕೊಟ್ಟ: "ಹೂವಿನ ಮೇಲೆ ಮಾತಾದ್ಮೇಲೆ ಮರದ ಯಜಮಾನನೂ ಕಾಯಿ ಮುಟ್ಟಂಗಿಲ್ಲ. ಬೇಕಂದ್ರೆ ಪಾಪನ್ನ ರೇಟು ಕೇಳಿ."

"ನಮ್ಮನೆ ಮರದ ಕಾಯಿಗೆ ನಾನು ರೇಟು ಕೇಳ್ಬೇಕೇನ್ರೀ?"

"ಬುಟ್ಟಿಗೆ ಎಂಟುನೂರು" ಅಂದಳು ಮೇಘನ.

"ನ್ಯಾಯವಾದ ರೇಟು" ಎಂದ ಕೊಂಡಪ್ಪ.

"ಲೇ, ನಾನು ನಿಮ್ಮಪ್ಪ ಕಣೇ. ದಾನದ ಡಬ್ಬಿ ಲೆಕ್ಕದಲ್ಲಿ ಕೊಡು."

"ದಾನ ಕಷ್ಟದಲ್ಲಿರೋರಿಗೆ ಅಂತ ನೀನೇ ಹೇಳ್ಕೊಟ್ಟಿದ್ದು. ನಿಂಗೆ ಸಂಬಳ ಬರುತ್ತಲ್ಲ."

ಬಸ್ಸಿಗೆ ಹೊತ್ತಾಗುತ್ತಿತ್ತು. ಗಂಗಾಧರ್ ಹಲ್ಲು ಕಚ್ಚಿ ಎಂಟುನೂರು ಎಣಿಸಿದ. ಕೊಂಡಪ್ಪ ಕಾಂಪೌಂಡಿನಿಂದ ಕೈ ಚಾಚಿದ.

"ನಿಮಗೇನ್ರೀ?"

"ಕಮಿಷನ್ ಸಾರ್. ಚಿಕ್ಕಮಗು ಹತ್ರ ಹೆಂಗ್ ಕೇಳೋದು?"

ಬಸ್ಸಿನ ತುಂಬ ಹೆಂಗಸರು ಪುಕ್ಕಟೆ ಟಿಕೆಟ್ಟಿನಲ್ಲಿ ನೆಮ್ಮದಿಯಾಗಿ ಕೂತಿದ್ದರು. ಕಂಡಕ್ಟರು ಗಂಗಾಧರನಿಗೊಂದು, ಅವನ ಬುಟ್ಟಿಗೊಂದು ಟಿಕೆಟ್ ಹರಿದ. ರಾಯಲ್ಪಾಡು ತಲುಪುವ ಹೊತ್ತಿಗೆ ಅವನ ಸಿಟ್ಟು ಕುಕ್ಕರಿನಂತೆ ಕೂಗಲು ತಯಾರಾಗಿತ್ತು. ಆದ್ದರಿಂದ ಶೋಭಾರಾಣಿ ಮೇಡಂ "ಯಾಕ್ರೀ, ಮುಖ ಹಿಂಗಿದೆ?" ಎಂದದ್ದೇ ತಡ, ಡಬ್ಬಿಯಿಂದ ಹಿಡಿದು ಕಮಿಷನ್ನಿನವರೆಗೆ ಎಲ್ಲವನ್ನೂ ಹೇಳಿಬಿಟ್ಟ.

ಮೇಡಂ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಗಂಭೀರವಾದರು.

"ಈ ಮೂರು ಡಬ್ಬಿ ನಿಮ್ಮ ಐಡಿಯಾನಾ?"

"ನನ್ನದೇ ಮೇಡಂ" ಎಂದ ಗಂಗಾಧರ್, ಎದೆ ಸ್ವಲ್ಪ ಉಬ್ಬಿಸಿ. ಇದು ಅಂದಿನ ಎರಡನೇ ತಪ್ಪು.

"ಈ ಕಡೆ ಹಳ್ಳಿ ಸ್ಕೂಲುಗಳಲ್ಲಿ ಮಕ್ಕಳಿಗೆ ದುಡ್ಡಿನ ವಿಷಯ ಹೇಳ್ಕೊಡೋಕೆ ಒಬ್ಬರನ್ನ ಹುಡುಕ್ತಿದ್ದೆ. ನಿಮ್ಮಂಥೋರನ್ನ ರಾಯಲ್ಪಾಡಿಂದ ಬಿಟ್ಟುಕೊಡೋದುಂಟೇ? ವರ್ಗಾವಣೆ ಮಾತು ಇನ್ನು ಮೂರು ವರ್ಷ ಎತ್ತಬೇಡಿ. ಆ ಬುಟ್ಟಿ ನನ್ನ ಕಾರಲ್ಲಿ ಇಡಿಸಿ."

ಸಂಜೆ ಜಗಲಿಯಲ್ಲಿ ಕೂತು ಗಂಗಾಧರ್ ಈ ಅನ್ಯಾಯವನ್ನು ಬೀದಿಗೆಲ್ಲ ಕೇಳುವಂತೆ ಹೇಳಿದ. ಮೇಘನ ಕೊನೆಯವರೆಗೂ ಕೇಳಿಸಿಕೊಂಡು ಒಳಗೆ ಹೋದಳು. ಬಂದಾಗ ಕೈಯಲ್ಲಿ ಮೂರನೇ ಡಬ್ಬಿ. ಮುಚ್ಚಳ ತೆಗೆದು, ಮಡಿಸಿದ ಐವತ್ತರ ನೋಟೊಂದನ್ನು ಅಪ್ಪನ ಅಂಗೈಯಲ್ಲಿಟ್ಟಳು.

"ಇದೇನೇ?"

"ಬಸ್ಸಿಗೆ. ನಂಗೆ, ಅಮ್ಮಂಗೆ, ಅಜ್ಜಿಗೆ ಎಲ್ಲಾ ಫ್ರೀ. ಈ ಮನೇಲಿ ಟಿಕೆಟ್ ತಗೊಳ್ಳೋ ಬಡವ ನೀನೊಬ್ನೇ."

ಗಂಗಾಧರ್ ಬಾಯಿ ತೆರೆದ. ಅಷ್ಟರಲ್ಲಿ ಕಾಂಪೌಂಡಿನ ಮೇಲಿಂದ ಮಾತು ಬಂತು.

"ಇಟ್ಕೊಳ್ಳಿ ಸಾರ್. ದಾನಕ್ಕೆ ನಾನು ಕಮಿಷನ್ ಹಿಡಿಯಲ್ಲ."