ತಾನೇ ಬಿಚ್ಚುವ ಕೊಡೆ

ಕೊಡೆ ತಾನಾಗಿಯೇ ಬಿಚ್ಚಿಕೊಂಡದ್ದೇ ಎಲ್ಲಕ್ಕೂ ಮೂಲ. ಗುಂಡಿ ಒತ್ತಿದರಷ್ಟೇ ಬಿಚ್ಚಬೇಕಾದ ಇಪ್ಪತ್ತು ಸಾವಿರ ಕೊಡೆಗಳು, ಸಮುದ್ರ ದಾಟಿ ಹೋದಮೇಲೆ ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ತಮಗೆ ತೋಚಿದಾಗ ಫಟ್ಟೆಂದು ಅರಳತೊಡಗಿದವು. ಕೊಂಡ ಕಂಪನಿಯ ಯಜಮಾನಿ ಕರಾರುಪತ್ರ ಹಿಡಿದು ವಿಮಾನದಲ್ಲಿ ಬಂದಿಳಿದಳು. ಸಂಧಾನಕ್ಕೆ ಒಂದೇ ದಿನ. ತಪ್ಪಿದರೆ ಮೂರನೆಯ ದೇಶವೊಂದರಲ್ಲಿ ಪಂಚರ ಮುಂದೆ ವರ್ಷಗಟ್ಟಲೆ ವ್ಯಾಜ್ಯ. ಅಲ್ಲಿಯವರೆಗೆ ಕೊಡೆ ಮಾಡಿದ ಕಾರ್ಖಾನೆ ಉಳಿಯುವ ಹಾಗಿರಲಿಲ್ಲ.

ದುಭಾಷಿಯ ಕೆಲಸ ಮಾಲೀಕನ ಭಾಮೈದನ ಕೊರಳಿಗೆ ಬಿತ್ತು. ಹಡಗಿನ ಅಡುಗೆಮನೆಯಲ್ಲಿ ಆರು ವರ್ಷ ಈರುಳ್ಳಿ ಹೆಚ್ಚುತ್ತ ಆಕೆಯ ಭಾಷೆ ಕಲಿತಿದ್ದವನು ಅವನೊಬ್ಬನೇ. ಹೊರಡುವಾಗ ಅಕ್ಕ ಬಾಗಿಲಲ್ಲೇ ತಡೆದಳು.

"ನಿನ್ನ ಭಾವನ ಬಾಯಿ ಗೊತ್ತಲ್ಲ? ಅದನ್ನ ನೀನೇ ಸಂಭಾಳಿಸ್ಬೇಕು ಕಣೋ."

ಉದ್ದನೆಯ ಮೇಜಿನ ಆ ಕಡೆ ಯಜಮಾನಿ, ಈ ಕಡೆ ಭಾವ. ನಡುವೆ ಮಧ್ಯಸ್ಥರು, ಆಕೆಯ ಭಾಷೆ ಮಾತ್ರ ಬಲ್ಲ ನಿವೃತ್ತ ನ್ಯಾಯಾಧೀಶರು. ಆಕೆ ಒಂದು ಕೊಡೆಯನ್ನು ಮೇಜಿನ ಮೇಲಿಟ್ಟು ಕೈ ತೆಗೆದಳೋ ಇಲ್ಲವೋ, ಅದು ಫಟ್ಟೆಂದು ಬಿಚ್ಚಿಕೊಂಡು ಮಧ್ಯಸ್ಥರ ಕನ್ನಡಕವನ್ನು ಗೋಡೆಗೆ ಹಾರಿಸಿತು.

ಭಾವ ಸಿಡಿದೆದ್ದ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಕೊಡೆ ಹಿಡಿಯೋಕೆ ಬರದಿದ್ರೆ ಗೋಣಿಚೀಲ ಹೊದ್ಕೊಳ್ಳಲಿ, ಹೇಳು!"

ಭಾಮೈದ ಬೆವರು ಒರೆಸಿಕೊಂಡು ಆಕೆಯ ಕಡೆ ತಿರುಗಿದ. "ನಿಮ್ಮ ನಡಿಗೆಯಲ್ಲೇ ನಾಟ್ಯ ಇದೆ ಅಂತಾರೆ. ಏನು ಹೊದ್ದರೂ ನಿಮಗೆ ಒಪ್ಪುತ್ತಂತೆ."

ಆಕೆ ತಬ್ಬಿಬ್ಬಾದಳು. ಆದರೂ ಸಿಟ್ಟು ಇಳಿದಿರಲಿಲ್ಲ. "ಈ ಮನುಷ್ಯನಿಗಿಂತ ಇವನ ಕೊಡೆಯೇ ವಾಸಿ. ಅದನ್ನಾದರೂ ಮುಚ್ಚಬಹುದು, ಇವನ ಬಾಯಿ ಮುಚ್ಚೋಕಾಗಲ್ಲ!"

"ಏನಂತೋ?" ಎಂದ ಭಾವ.

"ನಿಮ್ಮ ಮಾತು ನಿಲ್ಲಲೇಬಾರದು ಅನ್ಸುತ್ತಂತೆ, ಭಾವ."

ಭಾವನ ಎದೆ ಗಾಳಿ ಹೊಡೆದ ಟ್ಯೂಬಿನಂತೆ ಉಬ್ಬಿತು. ಹಲ್ಲು ಬಿಟ್ಟು ಆಕೆಗೆ ತಲೆಬಾಗಿದ. ಮಧ್ಯಸ್ಥರು ಬಿರುಕುಬಿಟ್ಟ ಕನ್ನಡಕದಿಂದಲೇ ಅವನನ್ನು ನೋಡಿ ಕರಗಿಹೋದರು.

"ಇಷ್ಟು ಬೈಸಿಕೊಂಡೂ ನಗುವವರನ್ನ ನನ್ನ ನಲವತ್ತು ವರ್ಷದಲ್ಲಿ ಕಂಡಿಲ್ಲ ತಾಯಿ," ಎಂದರು ಆಕೆಗೆ.

ಆಕೆಗೆ ನಾಚಿಕೆಯಾಯಿತು. ಮಧ್ಯಾಹ್ನದ ಹೊತ್ತಿಗೆ ಆಕೆ ಬೈಯುವುದನ್ನೇ ನಿಲ್ಲಿಸಿದಳು. ಭಾವ ಮಾತ್ರ ನಿಲ್ಲಿಸಲಿಲ್ಲ. ಅವನ "ಕೋತಿ ಕೈಗೆ ಮಾಣಿಕ್ಯ" ಭಾಮೈದನ ನಾಲಿಗೆಯ ಮೇಲೆ ಉರುಳಿ "ಮಾಣಿಕ್ಯದಂಥ ಗ್ರಾಹಕರು" ಆಯಿತು. "ಮೊಂಡುಗೂಟ" ಹೋಗಿ "ಅಚಲ ಮನಸ್ಸಿನವರು" ಆಯಿತು. ನಾಲ್ಕು ಗಂಟೆಗೆ ರಾಜಿಯೇ ಆಗಿಹೋಯಿತು. ಸ್ಪ್ರಿಂಗುಗಳನ್ನೆಲ್ಲ ಕಾರ್ಖಾನೆ ಬದಲಿಸಿಕೊಡುವುದು, ಮುಂದಿನ ವರ್ಷದ ಕೊಡೆಗಳನ್ನೂ ಆಕೆ ಇಲ್ಲೇ ಕೊಳ್ಳುವುದು. ಇಬ್ಬರೂ ಸಹಿ ಹಾಕಿದರು. ಭಾಮೈದ ಕುರ್ಚಿಗೊರಗಿ, ಬದುಕಿದೆಯಾ ಬಡಜೀವವೇ ಎಂದು ಉಸಿರುಬಿಟ್ಟ.

ಆಕೆ ಅವನ ಕೈ ಹಿಡಿದುಕೊಂಡಳು. "ಎಂಥ ಸಭ್ಯರು ನಿಮ್ಮ ಭಾವ! ನಡುವೆ ಯಾರೂ ಇಲ್ಲದೆ ಅವರ ಮಾತನ್ನ ನಾನೇ ಕೇಳಬೇಕು. ನಿಮ್ಮ ಭಾಷೆ ಕಲೀತೀನಿ. ನೀವೇ ಮೇಷ್ಟ್ರು. ನಾಳೆಯಿಂದಲೇ!"

"ಅಯ್ಯೋ, ಅದಕ್ಕೆ ಸರಿಯಾದ ಪುಸ್ತಕವೇ ಇಲ್ಲ..." ಭಾಮೈದ ತಡವರಿಸಿದ.

"ಪುಸ್ತಕ ಯಾಕೆ?" ಆಕೆ ನಗುತ್ತ ಮೊಬೈಲು ಎತ್ತಿ ತೋರಿಸಿದಳು. "ಮಧ್ಯಸ್ಥರನ್ನ ಕೇಳಿಕೊಂಡೇ, ಬೆಳಗಿನಿಂದ ನಿಮ್ಮ ಭಾವ ಆಡಿದ ಒಂದೊಂದು ಮಾತನ್ನೂ ಇದರಲ್ಲಿ ಹಿಡಿದಿಟ್ಟಿದ್ದೀನಿ. ಒಂದು ಪದವೂ ಬಿಡದ ಹಾಗೆ ಅರ್ಥ ಹೇಳಿಕೊಡಿ. ಇದೇ ಮೊದಲನೇ ಪಾಠ!"

ಭಾವ ಹಿಗ್ಗಿನಿಂದ ಮುಂದೆ ಬಾಗಿದ. "ಏನಂತೋ? ಬೇಗ ಹೇಳೋ!"

ದಿನವಿಡೀ ಎರಡು ಭಾಷೆಗಳ ನಡುವೆ ಓಡಿದ ಭಾಮೈದ, ಮೇಜಿನ ಮೇಲಿನ ಕೊಡೆಯನ್ನೆಳೆದುಕೊಂಡು ಅದರ ಮರೆಗೆ ಸರಿದ.